ಅಕ್ಕನ ಮನೆಯ ಐದನೆಯ ಮಗು

ಅಕ್ಕನಿಗೆ ಎಣಿಸುವ ಚಟ. ಅಂತಿಂಥ ಚಟವಲ್ಲ. ಬೆಳಿಗ್ಗೆ ಬಾಗಿಲು ತೆರೆದ ಗಳಿಗೆಯಿಂದ ಸಂಜೆ ಕೊನೆಯ ಮಗುವಿನ ಕಳೆದುಹೋದ ಚಪ್ಪಲಿಯನ್ನು ಸೋಫಾದ ಅಡಿಯಿಂದ ಎಳೆದುಕೊಡುವ ತನಕ ಅವಳ ಬಾಯೊಳಗೆ ಒಂದು, ಎರಡು, ಮೂರು ಓಡುತ್ತಲೇ ಇರುತ್ತದೆ. ಹಾಲು ಕಾಯಿಸುವಾಗ ಒಮ್ಮೆ, ಬಚ್ಚಲ ಬಾಗಿಲು ಹಾಕುವಾಗ ಒಮ್ಮೆ, ಇದ್ದಕ್ಕಿದ್ದಂತೆ ಮನೆ ಸುಮ್ಮನಾದರೆ ತಕ್ಷಣ ಇನ್ನೊಮ್ಮೆ. ಮಕ್ಕಳು ಸೂರು ಹಾರಿಹೋಗುವಂತೆ ಕಿರುಚಿದರೆ ಅವಳಿಗೆ ಏನೂ ಅನ್ನಿಸುವುದಿಲ್ಲ. ಸದ್ದಡಗಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಪರರ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರಿಗೆಲ್ಲ ಈ ಕಾಯಿಲೆ ಇರುತ್ತದಂತೆ. ಅಕ್ಕನಿಗೆ ತುಸು ಜಾಸ್ತಿ.

ಬೀದಿಗೆ ಬೀದಿಯೇ ಅವಳನ್ನು ಅಕ್ಕ ಎಂದು ಕರೆಯುತ್ತದೆ. ಅವಳಿಗಿಂತ ಹಿರಿಯನಾದ ಬೇಕರಿಯವನೂ ಅಕ್ಕ ಎನ್ನುತ್ತಾನೆ, ಈಗಷ್ಟೇ ಮಾತು ಕಲಿಯುತ್ತಿರುವ ಅವನ ಮಗನೂ ಅಕ್ಕ ಎನ್ನುತ್ತಾನೆ. ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಒಂದು ಬಾಲ್ಕನಿ, ಬರಲು ಹೋಗಲು ಒಂದೇ ಒಂದು ಬಾಗಿಲು. ಇಷ್ಟೇ ಅವಳ ಸಾಮ್ರಾಜ್ಯ. ಪ್ರಜೆಗಳು ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ.

ಬೇಕರಿಯವನ ಮಗನಿಗೆ ಬನ್ನು ಎಂದು ಹೆಸರು. ಕೂರಿಸಿದಲ್ಲಿ ಕೂರುವ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ, ತಲೆ ಮೂಸಿದರೆ ಬ್ರೆಡ್ಡಿನ ವಾಸನೆ ಬರುವ ಮಗು. ದರ್ಜಿಯ ಮಗಳು ಮೇಡಂ. ನಾಲ್ಕು ವರ್ಷಕ್ಕೇ ಸೊಂಟದ ಮೇಲೆ ಕೈಯಿಟ್ಟು ಎಲ್ಲರಿಗೂ ಅಪ್ಪಣೆ ಕೊಡುವುದನ್ನು ಕಲಿತಿದ್ದಾಳೆ, ಹಾಗಾಗಿ ಆ ಹೆಸರು ತಾನಾಗಿಯೇ ಬಂತು. ಇನ್ನು ಆಸ್ಪತ್ರೆಯ ನರ್ಸಿನ ಅವಳಿ ಹೆಣ್ಣುಮಕ್ಕಳು, ಗುಡುಗು ಮತ್ತು ಮಿಂಚು. ಒಬ್ಬಳು ಅರಚುತ್ತಾಳೆ, ಇನ್ನೊಬ್ಬಳು ಓಡುತ್ತಾಳೆ, ಆಮೇಲೆ ಅದಲುಬದಲು ಮಾಡಿಕೊಳ್ಳುತ್ತಾರೆ. ತೊಟ್ಟಿಲಲ್ಲಿ ಎರಡು ತಲೆ ಕಂಡ ವಾರದಲ್ಲೇ ಇವರ ಅಪ್ಪ ಅನ್ನಿಸಿಕೊಂಡವನು ಪೇರಿ ಕಿತ್ತಿದ್ದ. ಅವನ ಸುದ್ದಿ ನಮಗೆ ಬೇಡ. ನರ್ಸಿಗೇ ಬೇಡವಾಗಿದೆ, ಕೋರ್ಟಿನಲ್ಲಿ ಅದನ್ನೂ ಮುಗಿಸಿಕೊಂಡಿದ್ದಾಳೆ.

ಎಷ್ಟಾಯಿತು? ನಾಲ್ಕು. ಆದರೆ ಅಕ್ಕನ ಎಣಿಕೆ ಯಾವತ್ತೂ ಐದಕ್ಕೇ ನಿಲ್ಲುತ್ತಿತ್ತು. ಐದನೆಯದು ಗುಂಡ.

ಗುಂಡ ಅಕ್ಕನ ತಮ್ಮ. ವಯಸ್ಸು ಮೂವತ್ತು ದಾಟಿದೆ. ಹುಟ್ಟಿದಾಗ ದುಂಡಗಿದ್ದನೆಂದು ಅಂಟಿಕೊಂಡ ಹೆಸರು, ಈಗ ಅವನು ಬಾಗಿಲ ಚೌಕಟ್ಟಿನಡಿ ತಲೆ ತಗ್ಗಿಸಿ ನಡೆಯುವಷ್ಟು ಉದ್ದವಾದರೂ ಬಿಟ್ಟಿಲ್ಲ. ಲಿಫ್ಟ್ ರಿಪೇರಿ ಅವನ ಕಸುಬು. ಊರಿನ ಲಿಫ್ಟುಗಳೆಲ್ಲ ಅವನ ಕೈಗುಣಕ್ಕೆ ಹೂವಿನ ಹಾಗೆ ಏರಿಳಿಯುತ್ತವೆ. ಅವನು ವಾಸವಿರುವ ಕಟ್ಟಡದ ಲಿಫ್ಟು ಮಾತ್ರ ಸದಾ ಕೆಟ್ಟು ನಿಂತಿರುತ್ತದೆ, ಕೇಳಿದರೆ ಭಾನುವಾರ ನೋಡೋಣ ಎನ್ನುತ್ತಾನೆ. ಅಮ್ಮ ತೀರಿಕೊಂಡಾಗ ಅವನಿಗಿನ್ನೂ ಹಾಲುಹಲ್ಲು. ಅಂದಿನಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಪುರುಸೊತ್ತಾಗಲಿಲ್ಲ ಎನ್ನುತ್ತಾಳೆ. ಅದು ನಿಜವೇ. ಎಣಿಸುವ ಚಟ ಹತ್ತಿದ್ದೂ ಆಗಲೇ. ಆಗ ಎಣಿಕೆ ಒಂದಕ್ಕೇ ಮುಗಿಯುತ್ತಿತ್ತು, ಆ ಒಂದು ಗುಂಡ. ಆಮೇಲೆ ಬೇರೆಯವರ ಮಕ್ಕಳು ಬಂದಂತೆಲ್ಲ ದೊಡ್ಡವನು ಎಂದು ಅವನನ್ನು ಹಿಂದೆ ಹಿಂದೆ ನೂಕಿದಳೇ ಹೊರತು ಲೆಕ್ಕದಿಂದ ತೆಗೆಯಲಿಲ್ಲ. ತೆಗೆಯಬೇಕೆಂದು ಅವಳಿಗೆ ಹೊಳೆದೂ ಇರಲಿಲ್ಲ. ಮಧ್ಯಾಹ್ನ ಅವನೂ ಮನೆಗೇ ಊಟಕ್ಕೆ ಬರುತ್ತಾನೆ, ಮಕ್ಕಳ ಜೊತೆ ನೆಲದ ಮೇಲೆ ಸಾಲಾಗಿ ಕೂರುತ್ತಾನೆ. ಐದು ತಟ್ಟೆ. ಅಕ್ಕ ಮಾತ್ರ ಎಲ್ಲರದ್ದೂ ಮುಗಿದ ಮೇಲೆ ಒಲೆಯ ಪಕ್ಕ ನಿಂತುಕೊಂಡೇ ಪಾತ್ರೆಯಿಂದ ಬಳಿದು ತಿನ್ನುತ್ತಾಳೆ.

ಹೀಗೆ ಸುಖವಾಗಿದ್ದ ಸಂಸಾರಕ್ಕೆ ಕಡ್ಡಿ ಗೀರಿದವನು ದರ್ಜಿ. ಒಂದು ಬೆಳಿಗ್ಗೆ ಮೇಡಂಳನ್ನು ಬಿಡಲು ಬಂದವನು, ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ, ಬಾಗಿಲಲ್ಲಿ ದನಿ ತಗ್ಗಿಸಿದ.

"ಅಕ್ಕಾ, ಸುದ್ದಿ ಕೇಳಿದ್ರಾ? ಮನೇಲಿ ಮಕ್ಕಳನ್ನ ನೋಡ್ಕೊಳ್ಳೋರಿಗೂ ಲೈಸೆನ್ಸ್ ಬೇಕಂತೆ. ಇಲ್ದಿದ್ರೆ ಮನೆಗೆ ಬೀಗವಂತೆ."

"ಯಾರು ಹೇಳಿದ್ದು?"

"ನನ್ನ ಗಿರಾಕಿಯೊಬ್ರು. ಕೋಟಿನ ಅಳತೆ ಕೊಡ್ತಾ ಹೇಳಿದ್ರು. ನೀವು ಸುಮ್ನಿರಿ, ಯಾರಿಗೂ ಗೊತ್ತಾಗಲ್ಲ."

"ಯಾಕಪ್ಪಾ ಸುಮ್ನಿರ್ಲಿ? ನಾನೇನು ಮನೇಲಿ ಖೋಟಾ ನೋಟು ಛಾಪಿಸ್ತಿದೀನಾ ಕದ್ದುಮುಚ್ಚಿ ಇರೋಕೆ?" ಎಂದಳು ಅಕ್ಕ. ನೆಟ್ಟಗಿರುವುದು ಅವಳ ಇನ್ನೊಂದು ಕಾಯಿಲೆ. ಕೇಳಿಯೇ ಬಿಡೋಣವೆಂದು ಸರ್ಕಾರದ ಮಕ್ಕಳ ಕಲ್ಯಾಣ ಕಚೇರಿಗೆ ಫೋನು ಹಚ್ಚಿದಳು.

ಹಚ್ಚಿದ ಹೊತ್ತು ಸರಿಯಿರಲಿಲ್ಲ. ಊಟದ ಸಮಯ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ತಟ್ಟೆ, ಕಾಲ ಬಳಿ ಚಮಚ ಕಡಿಯುತ್ತಿರುವ ಬನ್ನು. ಆ ಕಡೆಯಿಂದ ಒಬ್ಬ ಅಧಿಕಾರಿಣಿ ಹಲೋ ಎಂದಳು.

"ಮೇಡಂ," ಎಂದಳು ಅಕ್ಕ.

"ಏನು?" ಎಂದಳು ನೆಲದ ಮೇಲೆ ಕೂತಿದ್ದ ಮೇಡಂ.

"ನಿನ್ನನ್ನಲ್ಲ ಕಣೇ. ಹಲೋ, ಮೇಡಂ, ಮನೇಲಿ ಮಕ್ಕಳನ್ನ ನೋಡ್ಕೊಳ್ಳೋರಿಗೆ ಲೈಸೆನ್ಸ್ ಬೇಕಾ?"

"ಎಲ್ರಿಗೂ ಬೇಡಮ್ಮ. ನಾಲ್ಕು ಮಕ್ಕಳ ತನಕ ಬೇಡ. ಐದಾದ್ರೆ ಬೇಕು. ಸ್ವಂತ ಮಕ್ಕಳು, ಸಂಬಂಧಿಕರ ಮಕ್ಕಳು ಲೆಕ್ಕಕ್ಕಿಲ್ಲ. ನೀವು ಎಷ್ಟು ಜನನ್ನ ನೋಡ್ಕೊಳ್ತೀರಿ?"

ಅಕ್ಕನ ಕಣ್ಣೆದುರು ಐದು ತಟ್ಟೆ ಇದ್ದವು. "ಐದು," ಎಂದಳು.

"ಅದ್ರಲ್ಲಿ ನಿಮ್ದು?"

"ಒಂದೂ ನಾನು ಹೆತ್ತಿದ್ದಲ್ಲ ಬಿಡಿ."

ಇದಕ್ಕಿಂತ ನಿಜವಾದ ಮಾತು ಆ ದಿನ ಊರಲ್ಲಿ ಯಾರೂ ಆಡಿರಲಿಕ್ಕಿಲ್ಲ.

"ಹಾಗಾದ್ರೆ ನಿಮಗೆ ಲೈಸೆನ್ಸ್ ಬೇಕು," ಎಂದಳು ಅಧಿಕಾರಿಣಿ. "ಮನೆಗೆ ಎರಡು ಬಾಗಿಲಿದೆಯಾ? ಬೆಂಕಿಗಿಂಕಿ ಹತ್ತಿದ್ರೆ ಹೊರಗೆ ಬರೋಕೆ ಇನ್ನೊಂದು ದಾರಿ ಇರಬೇಕು."

"ಒಂದೇ ಬಾಗ್ಲು, ಮೇಡಂ."

"ಏನು?" ಎಂದಳು ಮತ್ತೆ ನೆಲದ ಮೇಲಿನ ಮೇಡಂ.

"ಒಂದೇ ಅಂದ್ರೆ ಲೈಸೆನ್ಸ್ ಸಿಗೋದು ಕಷ್ಟ. ಒಂದು ಮಗುನ ಬಿಟ್ಬಿಡಿ, ನಾಲ್ಕಕ್ಕೆ ಇಳಿಸ್ಕೊಳ್ಳಿ, ಆಗ ನಮ್ದೇನೂ ತಕರಾರಿಲ್ಲ. ಶುಕ್ರವಾರ ಬಂದು ನೋಡ್ಕೊಂಡು ಹೋಗ್ತೀನಿ."

ಅಕ್ಕ ಫೋನಿಟ್ಟು ಗೋಡೆಗೆ ಒರಗಿದಳು. ಒಂದು ಮಗುವನ್ನು ಬಿಟ್ಟುಬಿಡಬೇಕಂತೆ. ಟೊಮೇಟೊ ಬುಟ್ಟಿಯಿಂದ ಒಂದನ್ನು ಎತ್ತಿ ಪಕ್ಕಕ್ಕಿಡುವ ಹಾಗೆ. ಬನ್ನು ಚಮಚ ಬಿಟ್ಟು ಅವಳ ಪಾದದ ಮೇಲೆ ಕೆನ್ನೆಯಿಟ್ಟ. ಮಿಂಚು ಮೇಜಿನಡಿ ನುಗ್ಗಿದಳು, ಗುಡುಗು ಆ ಕಡೆಯಿಂದ ಹೊರಬಂದು ಗುಡುಗಿದಳು. ಗುಂಡ ತನ್ನ ತಟ್ಟೆಯೆದುರು ಚಕ್ಕಳಮಕ್ಕಳ ಹಾಕಿ ಕೂತು, "ಅಕ್ಕಾ, ಬಡಿಸ್ತೀಯಾ?" ಎಂದ. ಯಾರನ್ನು ಬಿಡುವುದು? ಅಕ್ಕ ಒಂದೊಂದೇ ಮುಖ ನೋಡುತ್ತ ಬಂದಳು. ಗುಂಡನ ಮುಖವನ್ನೂ ನೋಡಿದಳು. ಯಾರನ್ನೂ ಬಿಡುವುದಕ್ಕಾಗುವುದಿಲ್ಲ ಅನ್ನಿಸಿ ಅವಳಿಗೆ ಅಳುವೇ ಬಂತು. ಅಷ್ಟು ಸರಿಯಾಗಿ ನೋಡಿದವಳಿಗೆ ಸರಿಯಾಗಿ ಎಣಿಸಬೇಕೆಂದು ಹೊಳೆಯಲಿಲ್ಲ ನೋಡಿ.

ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಬಂದವರಿಗೆ ಅಕ್ಕ ವಿಷಯ ಹೇಳಿದಳು. ನಾಲ್ಕು ಮಕ್ಕಳ ಹೆತ್ತವರು ಮಕ್ಕಳ ಪುಟ್ಟ ಪುಟ್ಟ ಸ್ಟೂಲುಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತು, ಐದು ಮಕ್ಕಳನ್ನು ನಾಲ್ಕು ಮಾಡುವುದು ಹೇಗೆಂದು ತಲೆ ಕೆಡಿಸಿಕೊಂಡರು. ಎಣಿಸಿ ನೋಡೋಣವೆಂದು ಒಬ್ಬರಿಗಾದರೂ ಅನ್ನಿಸಬೇಕಲ್ಲ! ಇಲ್ಲ. ಅಕ್ಕನ ಲೆಕ್ಕ ಎಂದರೆ ಲೆಕ್ಕ. ಅಲ್ಲದೆ ಗುಡುಗು ಮಿಂಚು ಓಡಾಡುತ್ತಿರುವ ಕೋಣೆಯಲ್ಲಿ ಮಕ್ಕಳು ಐದಲ್ಲ, ಏಳಿದ್ದಾರೆಂದು ಯಾರು ಹೇಳಿದ್ದರೂ ನಂಬಬಹುದಿತ್ತು.

"ಶುಕ್ರವಾರ ಒಂದು ಹೊತ್ತು ನಮ್ಮ ಬನ್ನುನ ಹಿಟ್ಟಿನ ಡಬ್ಬದ ಹಿಂದೆ ಕೂರಿಸ್ಕೊಳ್ತೀನಿ," ಎಂದ ಬೇಕರಿಯವನು. "ತಿನ್ನೋಕೆ ಕೊಟ್ರೆ ಸಾಯಂಕಾಲದವರೆಗೂ ತುಟಿಪಿಟಕ್ಕನ್ನಲ್ಲ."

"ಆಮೇಲೆ? ಶನಿವಾರ?" ಎಂದಳು ಅಕ್ಕ. "ಸುಳ್ಳು ಹೇಳಿ ಮಕ್ಕಳನ್ನ ಇಟ್ಕೊಳ್ಳಲ್ಲ ನಾನು."

"ಗೋಡೆ ಒಡೆದು ಇನ್ನೊಂದು ಬಾಗ್ಲು ಇಡೋಣ," ಎಂದ ದರ್ಜಿ, ಟೇಪು ತೆಗೆದು ಗೋಡೆ ಅಳೆಯುತ್ತ.

"ಆ ಕಡೆ ಏನಿದೆ ಗೊತ್ತಾ? ಗಾಳಿ. ಮೂರನೇ ಮಹಡಿ ಇದು."

ದರ್ಜಿ ಟೇಪು ಸುತ್ತಿಕೊಂಡ. ಆಗ ಅಲ್ಲಿಯ ತನಕ ಸುಮ್ಮನಿದ್ದ ನರ್ಸು ಬಾಯಿಬಿಟ್ಟಳು. ದಣಿದ ಕಣ್ಣು, ಸಮವಸ್ತ್ರದ ಜೇಬಿನಲ್ಲಿ ಪೆನ್ನುಗಳ ಸಾಲು, ಎರಡೂ ತೋಳಿಗೆ ಒಂದೊಂದು ಮಗು.

"ಅಕ್ಕಾ, ಹೋಗಬೇಕಾದ್ರೆ ನನ್ನವೇ ಹೋಗ್ಲಿ. ನಿಮಗೆ ಹೆಚ್ಚು ಕಷ್ಟ ಕೊಡೋದೂ ಇವೇ ಅಲ್ವಾ? ಆಸ್ಪತ್ರೆ ಹತ್ರ ದೊಡ್ಡದೊಂದು ಡೇಕೇರ್ ಇದೆ. ಅಲ್ಲಿ ಲೈಸೆನ್ಸು, ಬಾಗ್ಲು ಎಲ್ಲಾ ಬೇಕಾದಷ್ಟಿದೆ. ಸೋಮವಾರದಿಂದ ಅಲ್ಲಿಗೆ ಹಾಕ್ತೀನಿ."

ಅಕ್ಕ ಬೇಡವೆನ್ನಲು ಬಾಯಿ ತೆರೆದಳು. ಬೇಡವೆಂದರೆ ಬೇರೆ ದಾರಿ ತೋರಿಸಬೇಕಲ್ಲ. ಆ ಡೇಕೇರನ್ನು ಅವಳು ಹೊರಗಿನಿಂದ ನೋಡಿದ್ದಳು. ಚೊಕ್ಕಟವಾದ ಜಾಗ, ಗೋಡೆ ತುಂಬ ಚಿತ್ರ, ಮಕ್ಕಳ ಎದೆಗೆ ಒಂದೊಂದು ನಂಬರು. ಆದರೆ ಗುಡುಗು ಮಲಗುವ ಮುಂಚೆ ಎಡಗಿವಿಯನ್ನು ಉಜ್ಜಬೇಕು, ಬಲಗಿವಿ ಮುಟ್ಟಿದರೆ ಕಚ್ಚುತ್ತಾಳೆ. ಮಿಂಚಿಗೆ ಹೆದರಿಕೆಯಾದಾಗಲೇ ಜೋರಾಗಿ ನಗುವುದು. ಇದನ್ನೆಲ್ಲ ಯಾವ ನಂಬರಿನ ಮೇಲೆ ಬರೆದಿರುತ್ತಾರೆ?

ಈ ಮಾತುಗಳನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು ಗುಂಡ. ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು. ಈಗ ಗುಂಡನ ಒಂದು ಗುಟ್ಟು ಹೇಳಬೇಕು. ಬೀದಿಗೆಲ್ಲ ಗೊತ್ತಿದ್ದ, ನರ್ಸಿಗೆ ಮಾತ್ರ ಗೊತ್ತಿಲ್ಲವೆಂದು ಅವನು ತಿಳಿದಿದ್ದ ಗುಟ್ಟು. ಆಸ್ಪತ್ರೆಯ ಲಿಫ್ಟು ಕೆಡುವ ಜಾತಿಯದ್ದಲ್ಲ. ಆದರೂ ಗುಂಡ ವಾರಕ್ಕೆರಡು ಸಲ ಹೋಗಿ ಅದಕ್ಕೆ ಎಣ್ಣೆ ಹಾಕಿ ಬರುತ್ತಿದ್ದ. ಆ ಲಿಫ್ಟಿನಷ್ಟು ಎಣ್ಣೆ ಕುಡಿದ ಲಿಫ್ಟು ಇನ್ನೊಂದಿರಲಾರದು. ನರ್ಸು ಎದುರಾದರೆ, "ನಮಸ್ಕಾರ ಸಿಸ್ಟರ್" ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಾರಲ್ಲ. ಅವಳು, "ನಮಸ್ಕಾರ ಲಿಫ್ಟಿನವರೇ" ಎನ್ನುತ್ತಿದ್ದಳು. ಎರಡು ವರ್ಷದಿಂದ ಮಾತುಕತೆ ಇದಕ್ಕಿಂತ ಒಂದು ಮಹಡಿ ಮೇಲೆ ಹೋಗಿರಲಿಲ್ಲ.

ನರ್ಸು ಮಕ್ಕಳನ್ನು ಕಟ್ಟಿಕೊಂಡು ಮೆಟ್ಟಿಲಿಳಿಯುತ್ತಿದ್ದಂತೆ ಗುಂಡ ಬ್ರೆಡ್ಡನ್ನು ದರ್ಜಿಯ ಕೈಗೆ ತುರುಕಿ ಅವಳ ಹಿಂದೆ ಓಡಿದ. ಅಕ್ಕ ಗಾಬರಿಯಾಗಿ ಹೊರಗೆ ಬಂದು ಮೆಟ್ಟಿಲ ಕಟಾಂಜನದ ಮೇಲಿಂದ ಬಗ್ಗಿ ನೋಡಿದಳು. ಅವಳ ಹಿಂದೆ ಬೇಕರಿಯವನೂ ದರ್ಜಿಯೂ ಬಗ್ಗಿದರು. ಮೇಡಂ ಸರಳುಗಳ ನಡುವೆ ಮೂಗು ತೂರಿಸಿದಳು.

"ಸಿಸ್ಟರ್!" ಎಂದ ಗುಂಡ, ಕೆಳಗಿನ ಮಹಡಿಯಲ್ಲಿ, ಏದುಸಿರು ಬಿಡುತ್ತ. "ಸಿಸ್ಟರ್, ನನ್ನ ಮದ್ವೆ ಆಗ್ತೀರಾ?"

ಮೇಲೆ ದರ್ಜಿ ಹಣೆ ಚಚ್ಚಿಕೊಂಡ.

"ಏನಂದ್ರಿ?" ಎಂದಳು ನರ್ಸು.

"ಅಂದ್ರೆ, ಸಂಬಂಧಿಕರ ಮಕ್ಕಳು ಲೆಕ್ಕಕ್ಕಿಲ್ಲವಂತೆ. ನಾವಿಬ್ರು ಮದ್ವೆ ಆದ್ರೆ ಇವೆರಡೂ ಅಕ್ಕನಿಗೆ ಸಂಬಂಧ ಆಗ್ತವೆ. ಐದರಲ್ಲಿ ಎರಡು ಕಳೆದ್ರೆ ಮೂರು. ಲೈಸೆನ್ಸೇ ಬೇಡ! ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ."

ಇದಕ್ಕಿಂತ ಕೆಟ್ಟದಾಗಿ ಯಾರಾದರೂ ಹೆಣ್ಣು ಕೇಳಿದ್ದಾರೋ ಇಲ್ಲವೋ, ನನಗೆ ತಿಳಿಯದು. ನರ್ಸು ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಏನೋ ಒಂದು ಬೆಳಕು ಬಂದದ್ದು, ಲೈಸೆನ್ಸಿನ ಮಾತು ಬರುತ್ತಲೇ ಆರಿಹೋದದ್ದು ಅಕ್ಕನಿಗೆ ಮೇಲಿನಿಂದಲೇ ಕಂಡಿತು.

"ಒಬ್ಬ, ಮಕ್ಕಳು ಎರಡಾದ್ವು ಅಂತ ನನ್ನ ಬಿಟ್ಟುಹೋದ," ಎಂದಳು ನರ್ಸು ಮೆಲ್ಲಗೆ. "ನೀವು ಮಕ್ಕಳು ಎರಡು ಕಮ್ಮಿ ಆಗ್ತಾರೆ ಅಂತ ಮದ್ವೆ ಆಗ್ತೀನಿ ಅಂತಿದೀರ. ನನಗೆ ಲೆಕ್ಕ ಸಾಕಾಗಿದೆ ಲಿಫ್ಟಿನವರೇ." ಹಾಗೆಂದು ಮೆಟ್ಟಿಲಿಳಿದು ಹೋದಳು. ಗುಡುಗು ಮಾತ್ರ ಹಿಂತಿರುಗಿ ನೋಡಿ ಕೈಬೀಸಿದಳು.

ಗುಂಡ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಮೇಲೆ ಬಂದ. ಉಳಿದವರು ಏನೂ ಕೇಳಿಸದವರ ಹಾಗೆ ತಂತಮ್ಮ ಮಕ್ಕಳ ಚಪ್ಪಲಿ ಹುಡುಕತೊಡಗಿದರು. ಎಲ್ಲರೂ ಹೋದ ಮೇಲೆ ಅಕ್ಕ ಅವನನ್ನು ಎದುರಿಗೆ ನಿಲ್ಲಿಸಿಕೊಂಡಳು.

"ಅವಳು ನಿಂಗೆ ಇಷ್ಟ ತಾನೆ?"

"ಹೂಂ."

"ಅದನ್ನ ಹೇಳೋದು ಬಿಟ್ಟು ಕಚೇರಿಯ ನಿಯಮ ಓದಿದ್ಯಲ್ಲೋ, ಕೋಡಂಗಿ!"

"ಇಷ್ಟ ಅಂತ ಹೇಳೋಕೆ ಹೆದರಿಕೆ ಆಯ್ತು ಅಕ್ಕಾ. ನಿಯಮ ಹೇಳೋದು ಸುಲಭ."

ಅಕ್ಕನಿಗೆ ಬೈಯಲು ಇನ್ನೂ ಬೇಕಾದಷ್ಟಿತ್ತು. ಆದರೆ ಅವನ ಮುಖ ನೋಡಿದರೆ, ಹಾಲುಹಲ್ಲು ಬಿದ್ದ ದಿನ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದು ಮತ್ತೆ ಅಂಟಿಸಿಕೊಡು ಎಂದು ಕೇಳಿದ್ದ ಮುಖವೇ. ಸುಮ್ಮನೆ ಅವನ ತಲೆಗೊಂದು ಮೊಟಕಿ ಒಲೆ ಹಚ್ಚಿದಳು.

ಶುಕ್ರವಾರ ಬಂತು. ಅಕ್ಕ ನೆಲವನ್ನು ಎರಡು ಸಲ ಒರೆಸಿದಳು. ದರ್ಜಿ ಮತ್ತು ಬೇಕರಿಯವನು ಮಕ್ಕಳನ್ನು ಬಿಟ್ಟವರು ಅಂಗಡಿಗೆ ಹೋಗದೆ ಬಾಗಿಲ ಬಳಿಯೇ ಅಂಡಲೆಯುತ್ತಿದ್ದರು. ನರ್ಸು ರಾತ್ರಿಪಾಳಿ ಮುಗಿಸಿ ಮಕ್ಕಳೊಂದಿಗೆ ಬಂದಿದ್ದಳು. ಅಧಿಕಾರಿಣಿಯೆದುರೇ ನನ್ನ ಮಕ್ಕಳನ್ನು ಬಿಡಿಸಿಕೊಳ್ಳುತ್ತೇನೆ ಎಂದು ಹೇಳಿ ಅಕ್ಕನ ದಾರಿ ಸಲೀಸು ಮಾಡಿಕೊಡುವುದು ಅವಳ ಯೋಚನೆ. ಗುಂಡ ಅವಳ ದನಿ ಕೇಳಿದ ಕೂಡಲೆ ಬಚ್ಚಲಿಗೆ ಹೊಕ್ಕು ಬಾಗಿಲು ಹಾಕಿಕೊಂಡಿದ್ದ.

ಅಧಿಕಾರಿಣಿ ಮೂರು ಮಹಡಿ ಹತ್ತಿ ಬಂದು, ಉಸಿರು ಸುಧಾರಿಸಿಕೊಂಡು, "ನಿಮ್ಮ ಲಿಫ್ಟ್ ಕೆಟ್ಟಿದೆ," ಎಂದಳು. ದುಂಡು ಮುಖದ, ನಗು ತಡೆದಿಟ್ಟುಕೊಂಡಂತೆ ಕಾಣುವ ಹೆಂಗಸು. ಪುಟ್ಟ ಸ್ಟೂಲಿನ ಮೇಲೆ ಕೂತಳು. ಬನ್ನು ಕೂಡಲೆ ಅವಳ ಚೀಲದ ಪಟ್ಟಿ ಬಾಯಿಗಿಟ್ಟುಕೊಂಡ. ಅವಳು ಬೇಡವೆನ್ನಲಿಲ್ಲ. ಅಷ್ಟಕ್ಕೇ ಅಕ್ಕನಿಗೆ ಅವಳು ಹಿಡಿಸಿಬಿಟ್ಟಳು.

"ಹೂಂ, ಮಕ್ಕಳನ್ನ ನೋಡೋಣ," ಎಂದು ಬೆರಳು ಎತ್ತಿದಳು ಅಧಿಕಾರಿಣಿ. "ಒಂದು. ಇವರಿಬ್ರು ಎರಡು, ಮೂರು. ಓಡ್ಬೇಡ ಮರಿ, ಹೂಂ, ಮೂರೇ. ನೀನು ನಾಲ್ಕು."

"ನಾನು ಮೇಡಂ," ಎಂದಳು ಮೇಡಂ.

"ಅದ್ಸರಿ. ಐದನೇದು ಎಲ್ಲಮ್ಮ? ಇವತ್ತು ಬಂದಿಲ್ವಾ?"

"ಬರೋದೇನು, ಇಲ್ಲೇ ಇದೆ," ಎಂದಳು ಅಕ್ಕ. "ಬಚ್ಚಲಲ್ಲಿ. ಮುಖ ತೊಳೀತಿದೆ."

"ಒಂದನ್ನೇ ಬಿಟ್ಟಿದೀರಾ ಬಚ್ಚಲಲ್ಲಿ?" ಅಧಿಕಾರಿಣಿಯ ಹುಬ್ಬು ಮೇಲೇರಿತು. "ನೀರಿರೋ ಕಡೆ ಮಗುನ ಒಂಟಿಯಾಗಿ ಬಿಡಬಾರ್ದು. ಬಾಗ್ಲು ಬೇರೆ ಹಾಕಿದೆ!"

"ಅದೇ ಹಾಕ್ಕೊಂಡಿರೋದು. ಎಷ್ಟು ಹೇಳಿದ್ರೂ ಕೇಳಲ್ಲ. ಒಳಗೆ ಹೋದ್ರೆ ಗಂಟೆಗಟ್ಲೆ ಹಾಡು ಹೇಳ್ಕೊಂಡು ನಿಂತುಬಿಡುತ್ತೆ," ಎಂದು ಅಕ್ಕ ಬಚ್ಚಲ ಬಾಗಿಲು ಬಡಿದಳು. "ಬಾರೋ ಹೊರಗೆ. ನಿನ್ನ ನೋಡೋಕೆ ಬಂದಿದಾರೆ."

ಚಿಲಕ ಸರಿಯಿತು. ಅಧಿಕಾರಿಣಿ ಮಗುವಿನ ಎತ್ತರಕ್ಕೆ ಕಣ್ಣು ಹೊಂದಿಸಿಕೊಂಡು, ಮಗುವಿಗೆ ಕೊಡುವ ನಗುವೊಂದನ್ನು ಸಿದ್ಧ ಮಾಡಿಕೊಂಡಿದ್ದಳು. ಆ ಎತ್ತರದಲ್ಲಿ ಎರಡು ಮೊಣಕಾಲು ಕಂಡವು. ಅವಳ ಕಣ್ಣು ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು. ಚೌಕಟ್ಟಿನಡಿ ತಲೆ ತಗ್ಗಿಸಿ, ಅರ್ಧ ಮುಖಕ್ಕೆ ಕ್ಷೌರದ ನೊರೆ ಮೆತ್ತಿಕೊಂಡು, ಕೈಯಲ್ಲಿ ರೇಜರು ಹಿಡಿದು ಐದನೆಯದು ನಿಂತಿತ್ತು.

"ಇವನೇ," ಎಂದಳು ಅಕ್ಕ. "ಐದು."

ಮನೆ ಸುಮ್ಮನಾಯಿತು. ಗುಡುಗು ಕೂಡ ಸುಮ್ಮನಾದಳು. ಸದ್ದಡಗಿದ್ದರಿಂದ ಅಭ್ಯಾಸದ ಪ್ರಕಾರ ಅಕ್ಕನ ಬಾಯಿ ಎಣಿಸತೊಡಗಿತು. ಒಂದು, ಎರಡು, ಮೂರು, ನಾಲ್ಕು. ಅಲ್ಲಿಗೆ ಬಂದು ಅವಳು ಅಧಿಕಾರಿಣಿಯ ಮುಖ ನೋಡಿದಳು, ತಮ್ಮನ ಮೀಸೆ ನೋಡಿದಳು, ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ," ಎಂದಳು.

"ಇವರನ್ನೂ ನೀವೇ ನೋಡ್ಕೊಳ್ತೀರಾ?" ಅಧಿಕಾರಿಣಿಯ ದನಿ ನಡುಗುತ್ತಿತ್ತು.

"ನಾನಲ್ದೆ ಇನ್ಯಾರು ಮೇಡಂ? ಅಮ್ಮ ಹೋದಾಗಿಂದ ನಾನೇ. ನನ್ನ ತಮ್ಮ ಇವನು."

"ಮಾಮ ಊಟ ಮಾಡುವಾಗ ಚೆಲ್ತಾರೆ," ಎಂದು ಮೇಡಂ ವರದಿ ಒಪ್ಪಿಸಿದಳು. "ನಾನು ಚೆಲ್ಲಲ್ಲ."

ಅಧಿಕಾರಿಣಿ ತಡೆದಿಟ್ಟುಕೊಂಡಿದ್ದ ನಗುವೆಲ್ಲ ಒಟ್ಟಿಗೇ ಒಡೆಯಿತು. ಸ್ಟೂಲಿನಿಂದ ಜಾರಿ ನೆಲಕ್ಕೇ ಕೂತಳು. ಬೇಕರಿಯವನು ಬಾಗಿಲು ಹಿಡಿದುಕೊಂಡು ನಕ್ಕ, ದರ್ಜಿ ಬೇಕರಿಯವನನ್ನು ಹಿಡಿದುಕೊಂಡು ನಕ್ಕ. ನಗು ಯಾಕೆಂದು ಗೊತ್ತಿಲ್ಲದ ಮಕ್ಕಳು ಎಲ್ಲರಿಗಿಂತ ಜೋರಾಗಿ ನಕ್ಕವು. ನರ್ಸು ಬಾಯಿಗೆ ಕೈ ಅಡ್ಡವಿಟ್ಟುಕೊಂಡವಳು, ತಡೆಯಲಾರದೆ ಗೋಡೆಗೆ ಮುಖ ತಿರುಗಿಸಿದಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಕಣ್ಣೊರೆಸಿಕೊಂಡ ಮೇಲೆ ಅಧಿಕಾರಿಣಿ ಕಚೇರಿಯ ದನಿ ತಂದುಕೊಂಡಳು.

"ಮೀಸೆ ಬಂದವರು ಲೆಕ್ಕಕ್ಕಿಲ್ಲಮ್ಮ. ನಿಮ್ಮ ಹತ್ರ ಇರೋದು ನಾಲ್ಕೇ ಮಕ್ಕಳು. ನಿಮಗೆ ಲೈಸೆನ್ಸ್ ಬೇಡ. ಯಾರನ್ನೂ ಎಲ್ಲಿಗೂ ಕಳಿಸಬೇಡಿ."

ಅಕ್ಕ ಅಲ್ಲೇ ಬಗ್ಗಿ ಗುಡುಗು ಮಿಂಚು ಇಬ್ಬರನ್ನೂ ಎಳೆದು ಅವಚಿಕೊಂಡಳು. ಸಂತೋಷಕ್ಕೆ ಬಲಗಿವಿ ಮುಟ್ಟಿಬಿಟ್ಟಳೆಂದು ಗುಡುಗು ಕಚ್ಚಿದಳು. ಅದೂ ಹಿತವಾಗಿಯೇ ಇತ್ತು.

ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದ ಆ ಗದ್ದಲದಲ್ಲಿ ಗುಂಡ ನೊರೆಮುಖದಲ್ಲೇ ನರ್ಸಿನ ಎದುರು ಹೋಗಿ ನಿಂತ. ರೇಜರನ್ನು ಬೆನ್ನ ಹಿಂದೆ ಅಡಗಿಸಿದ.

"ಲೆಕ್ಕ ಸರಿಹೋಯ್ತು," ಎಂದ. "ನಿಮ್ಮ ಮಕ್ಕಳು ಇಲ್ಲೇ ಇರ್ಬಹುದು. ಈಗ ನಾನು ನಿಮ್ಮನ್ನ ಮದ್ವೆ ಆಗೋ ಅಗತ್ಯವೇ ಇಲ್ಲ."

"ಮುಗೀತು, ಹಾಳುಮಾಡಿದ," ಎಂದು ದರ್ಜಿ ಗೊಣಗಿದ. ಅಕ್ಕ ಕಣ್ಣು ಮುಚ್ಚಿಕೊಂಡಳು.

"ಒಂದು ಕಾರಣವೂ ಇಲ್ಲ," ಎಂದ ಗುಂಡ. "ಆದ್ರೂ ಕೇಳ್ತಿದೀನಿ. ಆಸ್ಪತ್ರೆ ಲಿಫ್ಟೂ ಯಾವತ್ತೂ ಕೆಟ್ಟಿರ್ಲಿಲ್ಲ. ನಾನು ನಿಮ್ಮನ್ನ ನೋಡೋಕೇ ಬರ್ತಿದ್ದೆ."

ಅಕ್ಕ ಕಣ್ಣು ತೆರೆದಳು. ನರ್ಸಿನ ಮುಖದಲ್ಲಿ ಆ ದಿನ ಆರಿಹೋಗಿದ್ದ ಬೆಳಕು ಮತ್ತೆ ಬರುತ್ತಿತ್ತು, ಈ ಸಲ ಅದಕ್ಕೆ ಏನೂ ಅಡ್ಡ ಬರಲಿಲ್ಲ.

"ಲಿಫ್ಟ್ ಕೆಟ್ಟಿಲ್ಲ ಅಂತ ನಂಗೂ ಗೊತ್ತು," ಎಂದಳು ನರ್ಸು. "ನಾನು ದಿನಾ ಅದರಲ್ಲೇ ಹೋಗೋದು. ಮೊದ್ಲು ಮುಖ ತೊಳ್ಕೊಂಡು ಬನ್ನಿ. ಆಮೇಲೆ ಮತ್ತೆ ಕೇಳಿ. ಒಂದೇ ಷರತ್ತು. ಜನ್ಮದಲ್ಲಿ ಇನ್ನೊಂದು ಸಲ ನನ್ನ ಸಿಸ್ಟರ್ ಅಂತ ಕರೀಬಾರ್ದು."

ಗುಂಡ ಬಚ್ಚಲಿಗೆ ಓಡುವಾಗ ಚೌಕಟ್ಟಿಗೆ ತಲೆ ತಗ್ಗಿಸುವುದನ್ನು ಮರೆತ. ಢಣ್ ಎಂದ ಸದ್ದು ಬೀದಿಗೆ ಕೇಳಿಸಿತಂತೆ. ಬೇಕರಿಯವನು ಕೇಕು ತರುತ್ತೇನೆಂದು ಮೆಟ್ಟಿಲು ಹಾರಿಕೊಂಡು ಇಳಿದ. ದರ್ಜಿ ನರ್ಸಿನ ಹೆಗಲಿನ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಳ್ಳುತ್ತಿದ್ದ. ಅಧಿಕಾರಿಣಿ ಬನ್ನುವಿನ ಬಾಯಿಂದ ಚೀಲದ ಪಟ್ಟಿ ಬಿಡಿಸಿಕೊಂಡು ಎದ್ದವಳು ಬಾಗಿಲಲ್ಲಿ ತಿರುಗಿ ನಿಂತಳು.

"ಅಂದ ಹಾಗೆ ಅಕ್ಕಾ," ಎಂದಳು. ನೋಡಿ, ಅವಳಿಗೂ ಅಕ್ಕನೇ ಆಗಿಬಿಟ್ಟಿದ್ದಳು. "ಈ ಮದ್ವೆ ಆದ್ಮೇಲೆ ಅವಳಿಗಳು ಸಂಬಂಧಿಕರಾಗ್ತಾರೆ. ಲೆಕ್ಕದಲ್ಲಿ ಎರಡು ಜಾಗ ಖಾಲಿ ಆಗುತ್ತೆ. ನನ್ನ ತಂಗಿಗೊಂದು ಮಗು ಇದೆ. ಸ್ವಲ್ಪ ಕಚ್ಚುತ್ತೆ."

"ಇಲ್ಲಿ ಎಲ್ಲಾ ಕಚ್ಚೋರೇ. ಕರ್ಕೊಂಡು ಬನ್ನಿ," ಎಂದಳು ಅಕ್ಕ.

ಊಟದ ಹೊತ್ತಾಯಿತು. ಅಕ್ಕ ಅಡುಗೆಮನೆಗೆ ಹೋಗಿ ತಟ್ಟೆಗಳಿಗೆ ಕೈಹಾಕಿದಳು. ಒಂದು, ಎರಡು, ಮೂರು, ನಾಲ್ಕು. ಕೈ ಐದನೆಯದಕ್ಕೆ ಹೋಗಿ ಅಲ್ಲೇ ನಿಂತಿತು. ಇನ್ನು ಇವನನ್ನು ಎಣಿಸುವಂತಿಲ್ಲ. ಮೊದಲು ಒಂದೇ ಒಂದು ಇದ್ದದ್ದು ಇವನೇ, ಈಗ ಲೆಕ್ಕದಿಂದ ಬಿಟ್ಟುಹೋಗುವವನೂ ಇವನೇ. ಖುಷಿಯ ದಿನ ಹೀಗೆ ಕಣ್ಣು ತುಂಬುವುದೇನೆಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಕಣ್ಣೊರೆಸಿಕೊಂಡು ತಿರುಗಿದರೆ ಹಿಂದೆ ನರ್ಸು ನಿಂತಿದ್ದಳು.

"ಕೊಡಿ ಅಕ್ಕಾ," ಎಂದು ಐದನೆಯ ತಟ್ಟೆಯನ್ನು ಅವಳೇ ತೆಗೆದುಕೊಂಡಳು. "ಐದನೇದನ್ನ ಇನ್ಮೇಲೆ ನಾನು ನೋಡ್ಕೊಳ್ತೀನಿ."

ಅಕ್ಕ ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸಿಕೊಂಡವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹಾಗೆ ಸುಮ್ನೆ ಕೊಡೋಕಾಗುತ್ತಾ? ವಿಚಾರಣೆ ಮಾಡ್ಬೇಕು. ನಿಮ್ಮ ಮನೆಗೆ ಎಷ್ಟು ಬಾಗ್ಲು?"

"ಒಂದೇ."

"ಒಳ್ಳೇದಾಯ್ತು. ಓಡಿಹೋಗೋಕೆ ಇನ್ನೊಂದು ದಾರಿ ಇಲ್ಲ. ಇವನು ಹೋಗೋ ಪೈಕಿಯೂ ಅಲ್ಲ ಬಿಡು. ಕಿವಿ ಹಿಂದೆ ಸೋಪು ಹಾಕಲ್ಲ, ಹೇಳ್ತಾ ಇರ್ಬೇಕು. ಜ್ವರ ಬಂದ್ರೆ ಹೇಳಲ್ಲ, ಮುಟ್ಟಿ ನೋಡ್ಬೇಕು. ಹೆದರಿದ್ರೆ ನಿಯಮ ಮಾತಾಡ್ತಾನೆ."

"ಅದು ಗೊತ್ತಾಯ್ತು," ಎಂದು ನಕ್ಕಳು ನರ್ಸು. ನಗುತ್ತಲೇ ತಟ್ಟೆಗಳನ್ನು ನೆಲಕ್ಕೆ ಜೋಡಿಸುತ್ತ ಬಂದಳು. ಮಕ್ಕಳಿಗೆ ನಾಲ್ಕು, ಗುಂಡನಿಗೊಂದು, ತನಗೊಂದು. ಅಷ್ಟಕ್ಕೆ ನಿಲ್ಲದೆ ಕಪಾಟಿನ ಒಳಗೆ ಕೈಹಾಕಿ ಇನ್ನೊಂದನ್ನು ಎಳೆದು ಒರೆಸಿದಳು.

"ಏಳನೇದು ಯಾರಿಗೆ?" ಎಂದಳು ಅಕ್ಕ. "ಯಾರು ಬರ್ತಾರೆ?"

"ನಿಮಗೆ. ಎಲ್ರನ್ನೂ ಎಣಿಸ್ತೀರಿ, ನಿಮ್ಮನ್ನ ಎಣಿಸ್ಕೊಂಡಿದ್ದು ನಾನು ಒಂದಿನಾನೂ ನೋಡಿಲ್ಲ. ಕೂತ್ಕೊಳ್ಳಿ."

ಅಕ್ಕ ಸೌಟು ಹಿಡಿದುಕೊಂಡೇ ನಿಂತಿದ್ದಳು. ಕೂತು ಬಡಿಸಿಕೊಂಡು ಉಂಡು ಎಷ್ಟು ಕಾಲವಾಯಿತೆಂದು ನೆನಪು ಮಾಡಿಕೊಂಡರೂ ಬರಲಿಲ್ಲ. ಗುಂಡ ಹಣೆಯ ಮೇಲೆ ಹೊಸ ಬುಗುಟು ಹೊತ್ತು, ಕಿವಿಯ ಹಿಂದೆ ಇನ್ನೂ ನೊರೆ ಇಟ್ಟುಕೊಂಡು ಬಂದು, ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಬನ್ನು ಆ ಜಾಗವನ್ನು ಅಂಗೈಯಲ್ಲಿ ತಟ್ಟಿ ತೋರಿಸಿದ.

"ಅಂದ್ರೆ ನನ್ನನ್ನೂ ನೋಡ್ಕೊಳ್ತೀಯಾ?" ಎಂದಳು ಅಕ್ಕ. ದನಿ ಸ್ವಲ್ಪ ಒಡೆದಿತ್ತು, ಅದಕ್ಕೇ ಗದರಿಸುವವಳ ಹಾಗೆ ಕೇಳಿದಳು. "ಲೈಸೆನ್ಸ್ ಇದೆಯೇನೇ ನಿನ್ನ ಹತ್ರ?"

ನರ್ಸು ಸೌಟನ್ನು ಅವಳ ಕೈಯಿಂದ ಬಿಡಿಸಿಕೊಂಡಳು.

"ಸಂಬಂಧಿಕರಿಗೆ ಬೇಡವಂತಲ್ಲ, ಅಕ್ಕಾ," ಎಂದಳು.

ಅಕ್ಕ ಕೂತಳು.